ಕಾದಂಬರಿಯಿಂದ ಕಾಮಿಕ್ಸ್‌ಗೆ: ಒಂದೇ ಸಂಪುಟವೋ, ಕಂತುಗಳೋ?

ವಿಜ್ಞಾನ ಕಾದಂಬರಿಯನ್ನು ಕಾಮಿಕ್ಸ್ ಮಾಡುವವರು ಮೊದಲು ನಿರ್ಧರಿಸಬೇಕಾದದ್ದು ಮೂಲದ ಮಾತು ಎಷ್ಟು ಉಳಿಯಬೇಕು ಎಂಬುದನ್ನು. ಫಿಲಿಪ್ ಕೆ. ಡಿಕ್ ಅವರ, ಮನುಷ್ಯರನ್ನೇ ಹೋಲುವ ಕೃತಕ ಜೀವಿಗಳಾದ ಆಂಡ್ರಾಯ್ಡ್‌ಗಳ ಕಾದಂಬರಿ 2009ರಿಂದ 24 ಕಂತುಗಳಲ್ಲಿ ಬಂದಾಗ ಮೂಲಪಠ್ಯ ಪೂರ್ತಿ ಉಳಿಯಿತು. ಆದರೆ ಈ ದಾರಿಯಲ್ಲಿ ಚಿತ್ರ ಆಗಲೇ ಹೇಳಿದ್ದನ್ನು ವಾಕ್ಯವೂ ಹೇಳುವ ಅಪಾಯವಿದೆ. ಆಕ್ಟೇವಿಯಾ ಬಟ್ಲರ್ ಅವರ ಕಾಲಯಾನದ ಕಾದಂಬರಿ ‘ಕಿಂಡ್ರೆಡ್’ 2017ರಲ್ಲಿ ಒಂದೇ ಸಂಪುಟವಾಯಿತು. ಇಲ್ಲಿ ಕತ್ತರಿ ಆಡಿಸಲೇಬೇಕು. ವರ್ಣನೆಯನ್ನು ಚಿತ್ರ ಹೊರುತ್ತದೆ, ಒಳಮಾತು ಆಯ್ದಷ್ಟೇ ಉಳಿಯುತ್ತದೆ.

ಕಂತುಗಳಾದರೆ ಹಣ ನಡುವೆಯೇ ಮರಳತೊಡಗುತ್ತದೆ, ಗಡುವು ಮಾತ್ರ ಕಲಾವಿದರನ್ನು ಹಿಂಡುತ್ತದೆ. ಸಂಪುಟಕ್ಕೆ ಬಂಡವಾಳ ಮೊದಲೇ ಬೇಕು.

ಒಬ್ಬರ ಅನುಭವವನ್ನೇ ಹಿಡಿದ ಕಥೆಗೆ ಸಂಪುಟ, ವಿಚಾರದ ಮಾತುಕತೆಯೇ ಜೀವಾಳವಾದದ್ದಕ್ಕೆ ಕಂತು ಹೊಂದುತ್ತದೆ. ವಿಶಾಲ ಲೋಕ ಕಟ್ಟುವ ‘ಡ್ಯೂನ್’ನಂಥ ಕೃತಿಗೆ, 2020ರಲ್ಲಿ ಅದರ ರೂಪಾಂತರ ಹಿಡಿದ ಮೂರು ಸಂಪುಟಗಳ ದಾರಿಯೇ ನನಗೆ ಹೆಚ್ಚು ಒಪ್ಪಿಗೆ.