ಹಳೆಯ ಸೋಂಕಿನ ಶಂಕೆ, ಸರಕಾರಿ ಆಸ್ಪತ್ರೆಯ ಒಂದು ಕೋಣೆ

ಹನ್ನೊಂದು ವರ್ಷಗಳ ಹಿಂದೆ, ಮೊದಲ ಮದುವೆಯ ಕಾಲದಲ್ಲಿ, ನನಗೆ ತಿಂಗಳುಗಟ್ಟಲೆ ಬಿಳಿಸೆರಗು ಮತ್ತು ಕಿಬ್ಬೊಟ್ಟೆಯ ನೋವು ಇತ್ತು. ಮನೆಯಲ್ಲಿ ಅದನ್ನು ಉಷ್ಣವೆಂದು ತಿಳಿದು ಕೊತ್ತಂಬರಿ-ಜೀರಿಗೆಯ ಕಷಾಯ ಕೊಟ್ಟರು. ನೋವು ತಾನಾಗಿ ಇಳಿದ ಮೇಲೆ ಯಾರೂ ಆ ಮಾತೆತ್ತಲಿಲ್ಲ. ಎರಡನೆಯ ಮದುವೆಯಾಗಿ ಮೂರು ವರ್ಷ ಕಳೆದರೂ ಮಕ್ಕಳಾಗದಿದ್ದಾಗ, ಅಂದು ಪತ್ತೆಯಾಗದೆ ಹೋದ ಲೈಂಗಿಕ ಸೋಂಕೇನಾದರೂ ಇದ್ದಿರಬಹುದೇ ಎಂಬ ಶಂಕೆ ಹುಟ್ಟಿತು.

ನಮ್ಮ ಕಡೆಯ ರೂಢಿಯಂತೆ ಮೊದಲು ಕೇರಳದ ಗಡಿ ದಾಟಿ ಕರ್ನಾಟಕದ ಖಾಸಗಿ ಲ್ಯಾಬೊಂದಕ್ಕೆ ಹೋದೆ. ನಾಲ್ಕು ಸಾವಿರಕ್ಕೂ ಮಿಕ್ಕಿ ಹಣ ಪಡೆದು ಅವರು ಕೊಟ್ಟ ವರದಿಯಲ್ಲಿ ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕಿನ ಪ್ರತಿಕಾಯ (ರೋಗಾಣುವಿನ ವಿರುದ್ಧ ದೇಹ ರಕ್ತದಲ್ಲಿ ಉಂಟುಮಾಡುವ ವಸ್ತು) 'ಪಾಸಿಟಿವ್' ಎಂದಿತ್ತು. ಅರ್ಥ ಕೇಳಿದರೆ 'ಡಾಕ್ಟರಿಗೆ ತೋರಿಸಿ' ಎಂಬಷ್ಟೇ ಉತ್ತರ. ಎರಡು ವಾರ ಸರಿಯಾಗಿ ನಿದ್ದೆ ಬರಲಿಲ್ಲ.

ಅನಂತರ ಹೋದದ್ದು ಕಾಸರಗೋಡು ಜಿಲ್ಲೆಯ ಸರಕಾರಿ ಆಸ್ಪತ್ರೆಯೊಂದರ ಲೈಂಗಿಕ ರೋಗಗಳ ಕ್ಲಿನಿಕ್‌ಗೆ. ಕೇರಳದಲ್ಲಿ ಇವಕ್ಕೆ 'ಪುಲರಿ', ಅಂದರೆ ಮುಂಜಾವು, ಎಂದು ಹೆಸರು. ಬೋರ್ಡು ಓದಿದವರಿಗೆ ಒಳಗೇನಿದೆಯೆಂದು ತಿಳಿಯದಿರುವುದೇ ನನ್ನಂಥವರಿಗೆ ಅರ್ಧ ಧೈರ್ಯ. ಫಾರಂ ಪೂರ್ತಿ ಮಲಯಾಳದಲ್ಲಿತ್ತು. ಆಪ್ತಸಮಾಲೋಚಕಿ 'ಕನ್ನಡವೋ, ತುಳುವೋ?' ಎಂದು ಕೇಳಿ, ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲೇ ಹೇಳಿದರು. ಮೊದಲ ಗಂಡನಿಗೆ ತೊಂದರೆಯೇನಾದರೂ ಇತ್ತೇ ಎಂದು ಕೇಳಿದವರು ಪೆನ್ನನ್ನು ಮೇಜಿನ ಮೇಲಿಟ್ಟು, ನಾನು ಬಾಯಿ ತೆರೆಯುವವರೆಗೆ ಸುಮ್ಮನೆ ಕಾದರು.

ಡಾಕ್ಟರು ವರದಿಯನ್ನು ಪಕ್ಕಕ್ಕಿಟ್ಟು ವಿವರಿಸಿದ ಮಾತುಗಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹೆಂಗಸರಲ್ಲಿ ಕ್ಲಮೈಡಿಯಾ ಬಹಳಷ್ಟು ಸಲ ಲಕ್ಷಣವನ್ನೇ ತೋರಿಸುವುದಿಲ್ಲ. ರಕ್ತದಲ್ಲಿನ ಪ್ರತಿಕಾಯವು ಸೋಂಕು ಯಾವಾಗ ತಗಲಿತೆಂದು ಹೇಳದು, ಶ್ವಾಸಕೋಶಕ್ಕೆ ತಗಲುವ ಅದೇ ಬಳಗದ ಇನ್ನೊಂದು ರೋಗಾಣುವಿನಿಂದಲೂ ಅದು ಪಾಸಿಟಿವ್ ಆಗಬಹುದು. ಸ್ವಾಬ್ ತೆಗೆದು ರೋಗಾಣುವಿನ ವಂಶಧಾತುವನ್ನೇ ಹುಡುಕುವ ನ್ಯಾಟ್ ಪರೀಕ್ಷೆಯು ಈಗಿರುವ ಸೋಂಕನ್ನಷ್ಟೇ ತೋರಿಸುತ್ತದೆ. ಸಿಫಿಲಿಸ್‌ನ ರೀತಿ ಬೇರೆ: ಗುಣವಾದ ಬಳಿಕವೂ ಟಿಪಿಎಚ್ಎ ಎಂಬ ಅದರ ರಕ್ತಪರೀಕ್ಷೆ ಸಾಮಾನ್ಯವಾಗಿ ಜೀವಮಾನವಿಡೀ ಪಾಸಿಟಿವ್ ಆಗಿಯೇ ಉಳಿಯುತ್ತದೆ. 'ಹೋದ ಸೋಂಕಿನ ಹೆಸರು ಹೇಳಲು ನನ್ನಿಂದಾಗದು, ಅದು ಗಾಯ ಬಿಟ್ಟುಹೋಗಿದ್ದರೆ ನೋಡಬಹುದು' ಎಂದು ಹೇಳಿ, ಗರ್ಭನಾಳಗಳ ಎಚ್ಎಸ್‌ಜಿ ಎಕ್ಸ್‌ರೇಗಾಗಿ ಸ್ತ್ರೀರೋಗ ವಿಭಾಗಕ್ಕೆ ಬರೆದುಕೊಟ್ಟರು. ಗಂಡನನ್ನೂ ಪರೀಕ್ಷೆಗೆ ಕರೆತರಲು ಹೇಳಿದರು.

ಎಚ್ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳು ಅಲ್ಲಿಯೇ, ಉಚಿತವಾಗಿ ಆದವು. ನ್ಯಾಟ್‌ಗೆ ಮಾತ್ರ ಹೊರಗೆ ಹೋಗಬೇಕಾಯಿತು. ಕೊರತೆಯೆಂದರೆ ಕೋಣೆಗೆ ಬಾಗಿಲಿನ ಬದಲು ಹಸಿರು ಪರದೆಯಿದೆ, ಅದರಾಚೆ ಮಕ್ಕಳ ಚುಚ್ಚುಮದ್ದಿನ ಸಾಲು. ಹೆಸರನ್ನು ಗಟ್ಟಿಯಾಗಿ ಕೂಗುವ ಬದಲು ಟೋಕನ್ ಸಂಖ್ಯೆಯಿಂದ ಕರೆದರೆ ಎಷ್ಟೋ ಹೆಂಗಸರು ಅರ್ಧದಲ್ಲಿ ಎದ್ದುಹೋಗಲಾರರು.

ಎಚ್ಐವಿ-ಸಿಫಿಲಿಸ್ ರಕ್ತಪರೀಕ್ಷೆ, ನ್ಯಾಟ್ ಎರಡೂ ನೆಗೆಟಿವ್ ಬಂದವು. ಎಚ್ಎಸ್‌ಜಿಯಲ್ಲಿ ಬಲಗಡೆಯ ನಾಳ ಮುಚ್ಚಿರುವುದು ಕಂಡಿತು, ಎಡಗಡೆಯದು ತೆರೆದಿದೆ. ಕಾರಣದ ಜಾಗದಲ್ಲಿ ಡಾಕ್ಟರು ಏನನ್ನೂ ಬರೆಯಲಿಲ್ಲ, ನಾನೂ ಒತ್ತಾಯಿಸಲಿಲ್ಲ.