ಕೊಡಗಿನ ಮಳೆ ತಾಳಿಕೊಂಡ ಮೆಶ್ ಕುರ್ಚಿ: ದೀರ್ಘಕಾಲದ ಬಳಕೆಯ ವಿಮರ್ಶೆ

ಮೆಶ್ ಅಂದರೆ ಬಲೆಯಂಥ ನೇಯ್ಗೆಯ ಬೆನ್ನು, ಬಟ್ಟೆ ಹೊದಿಸಿದ ಫೋಮ್ ಸೀಟು, ನೈಲಾನ್ ಕಾಲು, ಬೆಲೆ ಹದಿನೈದು ಸಾವಿರದ ಆಸುಪಾಸು. ಮಡಿಕೇರಿಯಲ್ಲಿ ಮನೆಯಿಂದಲೇ ದಿನಕ್ಕೆ ಎಂಟು ಗಂಟೆ ಕಂಪ್ಯೂಟರ್ ಕೆಲಸಕ್ಕೆ ಬಳಕೆಯಾಗುತ್ತಿರುವ ಈ ಕುರ್ಚಿ ಹಲವು ಮಳೆಗಾಲ ಕಂಡಿದೆ. ಬೆನ್ನಿಗೆ ಒಳ್ಳೆಯ ಕುರ್ಚಿ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಕೊಡಗಿನಲ್ಲಿ ಕುರ್ಚಿ ಆರಿಸುವಾಗ ಎರಡು ಪರೀಕ್ಷೆ ಇರುತ್ತದೆ: ಕೂರುವವರ ಅಳತೆಗೆ ಹೊಂದಬೇಕು, ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳ, ಥಂಡಿಯನ್ನೂ ತಾಳಿಕೊಳ್ಳಬೇಕು. ಬೆಂಗಳೂರಿನವರ ವಿಮರ್ಶೆ ನಂಬಿ ಕೊಂಡರೆ ಎರಡನೆಯದು ಕೈಕೊಡುತ್ತದೆ.

ಮೊದಲು ಸೀಟಿನ ಎತ್ತರ. ಇದರ ಗ್ಯಾಸ್ ಲಿಫ್ಟ್, ಅಂದರೆ ಎಲ್ಲರೂ ಹೈಡ್ರಾಲಿಕ್ ಎಂದು ಕರೆಯುವ ಭಾಗ, ಸೀಟನ್ನು 45ರಿಂದ 55 ಸೆಂ.ಮೀ.ವರೆಗೆ ಏರಿಸುತ್ತದೆ. ಐದಡಿ ಎಂಟಂಗುಲದವರಿಗೆ ಇದು ಸರಿ. ಐದಡಿ ಎರಡಂಗುಲದವರು ತೀರಾ ಕೆಳಗೆ ಇಳಿಸಿದರೂ ಹಿಮ್ಮಡಿ ನೆಲಕ್ಕೆ ಊರುವುದಿಲ್ಲ. ತೊಡೆಯ ಅಡಿಭಾಗ ಸೀಟಿನ ಅಂಚಿಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಅದರ ಮೇಲೆ ಮೇಜು 75 ಸೆಂ.ಮೀ. ಇದ್ದರೆ ಮೊಣಕೈ ಮೇಜಿನ ಮಟ್ಟಕ್ಕೆ ಬರಲೆಂದು ಕುರ್ಚಿಯನ್ನು ಇನ್ನೂ ಏರಿಸುತ್ತೇವೆ, ಕಾಲು ಪೂರ್ತಿ ನೇತಾಡುತ್ತದೆ. ಇದಕ್ಕೆ ಸುಲಭದ ಪರಿಹಾರ ಸಿಲ್ವರ್ ಓಕ್ ಹಲಗೆಯ ಕಾಲುಮಣೆ: ಸುಮಾರು 40 ಸೆಂ.ಮೀ. ಅಗಲ, ಆಚೆ ತುದಿ 12 ಸೆಂ.ಮೀ., ನಮ್ಮ ಕಡೆಯ ತುದಿ 8 ಸೆಂ.ಮೀ. ಎತ್ತರ. ಮೇಜನ್ನೇ ಆಚಾರಿಗೆ ಹೇಳಿ ಮಾಡಿಸುವುದಾದರೆ ಇಂಥವರಿಗೆ 68 ಸೆಂ.ಮೀ. ಸಾಕು.

ಸೀಟಿನ ಆಳ ಎತ್ತರಕ್ಕಿಂತ ಮುಖ್ಯ, ಅಂಗಡಿಯಲ್ಲಿ ಯಾರೂ ನೋಡದ ಅಳತೆಯೂ ಇದೇ. ಸೊಂಟವನ್ನು ಪೂರ್ತಿ ಹಿಂದಕ್ಕೆ ತಾಗಿಸಿ ಕೂತಾಗ ಸೀಟಿನ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಆಡಬೇಕು. ಆಡದಿದ್ದರೆ ಅಂಚು ಚುಚ್ಚುತ್ತದೆಂದು ಮೈ ತಾನಾಗಿ ಮುಂದಕ್ಕೆ ಜಾರುತ್ತದೆ. ಸೊಂಟದ ಹಿಂದೆ ಟೊಳ್ಳಾಗುತ್ತದೆ, ಬೆನ್ನು ಬಿಲ್ಲಾಗುತ್ತದೆ. ಆಮೇಲೆ ಎಷ್ಟು ದುಬಾರಿಯ ಸೊಂಟದಾಸರೆ ಇದ್ದರೂ ಅದು ಬೆನ್ನನ್ನು ಮುಟ್ಟುವುದೇ ಇಲ್ಲ. ಈ ಕುರ್ಚಿಯಲ್ಲಿ ಸೀಟು ಹಿಂದೆ ಮುಂದೆ ಸರಿಸುವ ಸ್ಲೈಡರ್ ಇಲ್ಲ. ಇದರ ದೊಡ್ಡ ಕೊರತೆ ಇದೇ. 1994ರಲ್ಲಿ ಬಂದ ಹರ್ಮನ್ ಮಿಲ್ಲರ್ ಕಂಪನಿಯ ಏರಾನ್ ಕುರ್ಚಿಯನ್ನು ಮೂರು ಸೈಜುಗಳಲ್ಲಿ ತಯಾರಿಸಿದ್ದರು. ನಮ್ಮ ಮಾರುಕಟ್ಟೆಯ ಈ ದರದ ಕುರ್ಚಿಗಳು ಹೆಚ್ಚಾಗಿ ಒಂದೇ ಸೈಜು, ಅದೂ ಎತ್ತರದವರ ಸೈಜು.

ಸೊಂಟದಾಸರೆ ಹೊಕ್ಕುಳಿನ ನೇರಕ್ಕೆ, ಬೆಲ್ಟಿಗಿಂತ ಸ್ವಲ್ಪ ಮೇಲೆ ತಾಗಬೇಕು. ಇಲ್ಲಿ ಬೆನ್ನಿನ ಚೌಕಟ್ಟನ್ನೇ ಎರಡೂ ಕೈಯಿಂದ ಮೇಲೆತ್ತಿದರೆ ಟಕ್ ಟಕ್ ಎಂದು ಒಂದೊಂದೇ ಮೆಟ್ಟಿಲು ಏರುತ್ತದೆ. ತುದಿ ಮುಟ್ಟಿ ಬಿಟ್ಟರೆ ಒಮ್ಮೆಲೇ ಕೆಳಗಿಳಿಯುತ್ತದೆ. ಕೆಟ್ಟಿದೆ ಎಂದುಕೊಳ್ಳಬೇಡಿ, ಅದರ ಕೆಲಸವೇ ಹಾಗೆ. ಇನ್ನು ಬೆನ್ನನ್ನು ನೆಟ್ಟಗೆ ಲಾಕ್ ಮಾಡಿ ಕೂರುವ ಅಭ್ಯಾಸ ಬಿಡಬೇಕು. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ ಮತ್ತು ಅವರ ಜೊತೆಗಾರರು ಬೆನ್ನೆಲುಬಿನ ಡಿಸ್ಕಿನೊಳಗಿನ ಒತ್ತಡ ಅಳೆದಾಗ ಕಂಡದ್ದು, ಹಿಂದಕ್ಕೆ ಒರಗಿದಂತೆ ಒತ್ತಡ ಇಳಿಯುತ್ತದೆ ಎಂದು. 100ರಿಂದ 110 ಡಿಗ್ರಿ ಒರಗು ಟೈಪಿಂಗಿಗೂ ಅಡ್ಡಿಯಾಗುವುದಿಲ್ಲ. ಲಾಕ್ ತೆಗೆದು, ಸೀಟಿನಡಿಯ ಟೆನ್ಷನ್ ನಾಬನ್ನು ನಿಮ್ಮ ತೂಕಕ್ಕೆ ಹೊಂದಿಸಿ: ಒರಗಿದರೆ ಬೆನ್ನು ಜೊತೆಗೆ ಬರಬೇಕು, ಮುಂದೆ ಬಂದರೆ ಹಿಂಬಾಲಿಸಬೇಕು. ಒರಗಲು ಕಾಲಿನಿಂದ ತಳ್ಳಬೇಕಾದರೆ ನಾಬ್ ಬಿಗಿ ಹೆಚ್ಚಾಯಿತು. ಹಿಂದಿನ ಜೇಬಿನ ಪರ್ಸು ತೆಗೆದಿಟ್ಟು ಕೂರಿ, ಅದರಿಂದ ಸೊಂಟ ಒಂದು ಕಡೆಗೆ ವಾಲುತ್ತದೆ.

ಕೈಯಿಡುವ ಆರ್ಮ್ ರೆಸ್ಟು ಮೇಜಿನಂಚಿಗೆ ತಗುಲಿದರೆ ಕುರ್ಚಿ ಒಳಗೆ ಹೋಗುವುದಿಲ್ಲ, ನಾವು ಮುಂದಕ್ಕೆ ಬಾಗುತ್ತೇವೆ. ಅದನ್ನು ಮೇಜಿಗಿಂತ ತಗ್ಗಿಸಿಡಿ. ತಲೆಯಾಸರೆಗೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ.

ಇನ್ನು ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಡಿಕೇರಿಯಲ್ಲಿ, ಭಾಗಮಂಡಲದ ಕಡೆ ಇನ್ನೂ ಹೆಚ್ಚು, ಮನೆಯೊಳಗಿನ ಗೋಡೆಯೂ ಬೆವರುತ್ತದೆ. ಇಂಥಲ್ಲಿ 'ಲೆದರ್' ಎಂದು ಮಾರುವ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಹೊದಿಕೆಯ ಬಾಸ್ ಚೇರನ್ನು ಯಾವ ಕಾರಣಕ್ಕೂ ಕೊಳ್ಳಬೇಡಿ. ಪಾಲಿಯುರೆಥೇನ್ ಪದರ ಗಾಳಿಯ ತೇವದೊಂದಿಗೆ ವರ್ತಿಸಿ ಒಳಗಿಂದಲೇ ಒಡೆಯುತ್ತದೆ. ಮೊದಲು ಅಂಟಂಟು, ಆಮೇಲೆ ಕಪ್ಪು ಚೂರುಗಳಾಗಿ ಉದುರಿ ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ. ಮೆಶ್ ಬೆನ್ನಿಗೆ ಈ ತೊಂದರೆಯಿಲ್ಲ, ಬೂಷ್ಟು ಬಂದರೂ ಒರೆಸಿದರೆ ಹೋಗುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಬೆನ್ನಿಗೆ ಚಳಿ ಹೊಡೆಯುವುದು ನಿಜ, ಒಂದು ಶಾಲು ಬೇಕು. ತೇವ ಹಿಡಿಯುವುದು ಸೀಟಿನ ಫೋಮು. ಬಟ್ಟೆಯ ಮೇಲೆ ಬಿಳಿ ಚುಕ್ಕೆ ಕಂಡ ಕೂಡಲೇ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಹಿಂಡಿದ ಬಟ್ಟೆಯಲ್ಲಿ ಒರೆಸಿ, ಫ್ಯಾನಿನಡಿ ಪೂರ್ತಿ ಒಣಗಿಸಿ. ಒಲೆಯ ಹತ್ತಿರ ಇಟ್ಟು ಒಣಗಿಸಿದರೆ ಫೋಮು ಗಡುಸಾಗುತ್ತದೆ. ಕುರ್ಚಿಯನ್ನು ಗೋಡೆಗೆ ತಾಗಿಸಿಡದೆ ಒಂದು ಗೇಣು ಜಾಗ ಬಿಡಿ.

ಕಾಲು ನೈಲಾನಿನದೇ ಇರಲಿ. ಕ್ರೋಮ್ ಹೊಳಪಿನ ಕಬ್ಬಿಣದ ಕಾಲಿಗೆ ವೆಲ್ಡಿಂಗ್ ಜಾಗದಲ್ಲಿ ತುಕ್ಕು ಶುರುವಾಗುತ್ತದೆ. ಚಕ್ರ ಮಾತ್ರ ಇಕ್ಕಟ್ಟಿನ ವಿಷಯ. ಗಟ್ಟಿ ನೈಲಾನ್ ಚಕ್ರ ರೆಡ್ ಆಕ್ಸೈಡ್ ನೆಲದಲ್ಲಿ ಗೀರು ಬೀಳಿಸುತ್ತದೆ, ಚಪ್ಪಲಿಗೆ ಅಂಟಿ ಬಂದ ತೋಟದ ಮಣ್ಣು ಸೇರಿದರೆ ಇನ್ನೂ ಜಾಸ್ತಿ. ಮೆತ್ತನೆಯ ಪಿಯು ಚಕ್ರ ನೆಲಕ್ಕೆ ಒಳ್ಳೆಯದು, ಆದರೆ ಅದೂ ಥಂಡಿಗೆ ಬಿರಿಯುತ್ತದೆ. ನೆಲ ಉಳಿಯಬೇಕಾದರೆ ಪಿಯು ಹಾಕಿಸಿ, ಬಿರಿದಾಗ ಬದಲಿಸಿ. ಸಾಮಾನ್ಯವಾಗಿ ಚಕ್ರದ ಕಡ್ಡಿ 11 ಮಿ.ಮೀ. ದಪ್ಪ ಇರುತ್ತದೆ. ಎಳೆದರೆ ಬರುತ್ತದೆ, ಒತ್ತಿದರೆ ಕೂರುತ್ತದೆ.

ಕಿರಗುಟ್ಟುವ ಸದ್ದಿಗೆ ಬಹಳಷ್ಟು ಸಲ ಸೀಟಿನಡಿಯ ಬೋಲ್ಟು ಸಡಿಲವಾಗಿರುವುದೇ ಕಾರಣ. ಜೋಡಿಸುವಾಗ ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲಿ ಮಾತ್ರ ತಿರುಗಿಸಿ, ಆಮೇಲೆ ಎದುರುಬದುರಾಗಿ ಅಲೆನ್ ಕೀಯಲ್ಲಿ ಬಿಗಿ ಮಾಡಿ. ಒಂದನ್ನು ಮೊದಲೇ ಪೂರ್ತಿ ಬಿಗಿದರೆ ಉಳಿದವುಗಳ ತೂತು ಕೂಡುವುದಿಲ್ಲ. ಸೆಪ್ಟೆಂಬರಿನಲ್ಲಿ ಬರುವ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ಕೋವಿ ಕತ್ತಿ ಒರೆಸಿಡುವಾಗ ಕುರ್ಚಿಯನ್ನೂ ಮಗುಚಿ ಒಮ್ಮೆ ಬಿಗಿ ಮಾಡಿದರೆ ವರ್ಷಕ್ಕೆ ಸಾಕು. ಕೂತ ಕುರ್ಚಿ ಮೆಲ್ಲಗೆ ಇಳಿಯತೊಡಗಿದರೆ ಹೈಡ್ರಾಲಿಕ್ಕಿನ ಸೀಲ್ ಹೋಗಿದೆ ಎಂದರ್ಥ, ರಿಪೇರಿ ಇಲ್ಲ, ಬದಲಿಸಬೇಕು. ಅದಕ್ಕೆ ಸ್ಕ್ರೂ ಇರುವುದಿಲ್ಲ, ಬರಬರುತ್ತ ಕಿರಿದಾಗುವ ತುದಿಯ ಬಿಗಿತದಲ್ಲೇ ನಿಂತಿರುತ್ತದೆ. ಪೈಪ್ ರೆಂಚಿನಲ್ಲಿ ತಿರುಗಿಸಿದರೆ ಬಿಡುತ್ತದೆ. ಒಳಗೆ ಒತ್ತಿದ ನೈಟ್ರೋಜನ್ ಇರುವುದರಿಂದ ಕಾಯಿಸಬೇಡಿ, ತೂತು ಕೊರೆಯಬೇಡಿ.

ಕೊಳ್ಳುವ ಮುಂಚೆ ಎರಡು ಮಾತು. ಪೆಟ್ಟಿಗೆ ಮೇಲಿನ ಬಿಫ್ಮಾ (ಅಮೆರಿಕದ ಪೀಠೋಪಕರಣ ತಯಾರಕರ ಸಂಘ) ಮುದ್ರೆ ಬೆನ್ನಿನ ಆರೋಗ್ಯಕ್ಕೆ ಸಿಕ್ಕ ಪ್ರಮಾಣಪತ್ರ ಎಂದು ಹಲವರು ತಿಳಿದಿದ್ದಾರೆ. ಆದರೆ ಅವರ ಎಕ್ಸ್5.1 ಎಂಬ ಪರೀಕ್ಷೆ ಕುರ್ಚಿಯ ಗಟ್ಟಿತನ ಮತ್ತು ಸುರಕ್ಷತೆಯದು, ಸುಮಾರು 125 ಕೆ.ಜಿ. ತೂಕದವರೆಗಿನ ಬಳಕೆಗೆ. ಎರಡನೆಯದು ವಾರಂಟಿ. ಮಡಿಕೇರಿಯ ಪಿನ್ ಕೋಡ್ 571201 ಎಂದು ಹೇಳಿ, ಮೆಕ್ಯಾನಿಕ್ ಮನೆಗೆ ಬರುತ್ತಾರೋ ಅಥವಾ ಕುರ್ಚಿಯನ್ನೇ ಮೈಸೂರಿಗೆ ಕಳಿಸಬೇಕೋ ಎಂದು ಬರವಣಿಗೆಯಲ್ಲಿ ಕೇಳಿ. ಫೋಮು, ಬಟ್ಟೆ, ಚಕ್ರಗಳನ್ನು ವಾರಂಟಿಯಿಂದ ಹೊರಗಿಡುವುದು ಮಾಮೂಲು.

ಐದಡಿ ನಾಲ್ಕಂಗುಲಕ್ಕಿಂತ ಎತ್ತರದವರು ಈ ಬಗೆಯ ಕುರ್ಚಿಯನ್ನು ಧಾರಾಳವಾಗಿ ಕೊಳ್ಳಬಹುದು. ಅದಕ್ಕಿಂತ ಗಿಡ್ಡ ಇದ್ದವರು ಸೀಟು 40 ಸೆಂ.ಮೀ.ಗೆ ಇಳಿಯುವ, ಸ್ಲೈಡರ್ ಇರುವ ಕುರ್ಚಿಗೆ ಮೂರು ನಾಲ್ಕು ಸಾವಿರ ಹೆಚ್ಚಾದರೂ ಕೊಡಿ. ನೋವು ಸೊಂಟದಿಂದ ಕಾಲಿಗೆ ಇಳಿಯುತ್ತಿದ್ದರೆ, ಪಾದ ಮರಗಟ್ಟುತ್ತಿದ್ದರೆ, ಕುರ್ಚಿ ಹುಡುಕುವ ಮುಂಚೆ ಮೂಳೆ ಡಾಕ್ಟರನ್ನು ನೋಡಿ.