ಡೋರಿನ ಸಂದಿಗೆ ಪುಟ್ಟಿಯೋ, ಸೀಸವೋ, ಕಂಬಿ ಬೆಸುಗೆಯೋ?

ಹಳೆಯ ಪದ್ಮಿನಿಗೋ ಅಂಬಾಸಿಡರ್‌ಗೋ ಪೂರ್ತಿ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದ ಮೇಲೆ ಕಣ್ಣು ಮೊದಲು ಹೋಗುವುದು ಡೋರಿನ ಸಂದಿಗೇ. ಮೇಲೆ 3 ಮಿ.ಮೀ., ಕೆಳಗೆ 8. ಅಂಚಿಗೆ ಪುಟ್ಟಿ ಮೆತ್ತಿ ಈ ಸಂದನ್ನು ಅರ್ಧ ದಿನದಲ್ಲಿ ಸರಿಮಾಡಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಆ ಅಂಚಿನಿಂದ ಚಕ್ಕೆ ಏಳಲು ಶುರುವಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಹಿಂಜ್ ಸರಿಮಾಡಿದ ಮೇಲೂ ಉಳಿಯುವ ಸಂದಿಗೆ ನನ್ನ ಆಯ್ಕೆ, ಅಂಚಿಗೆ ಉಕ್ಕಿನ ಕಂಬಿ ಬೆಸೆದು ಅರ ಹಾಕುವುದು. ಪುಟ್ಟಿ, ಕರಗಿಸಿ ತುಂಬುವ ಸೀಸ ಎರಡನ್ನೂ ಮಾಡಿ ನೋಡಿಯೇ ಈ ಮಾತು.

ಮೂರರಲ್ಲಿ ಯಾವುದಕ್ಕೂ ಕೈಹಾಕುವ ಮೊದಲು ಗಾಡಿ ತನ್ನ ನಾಲ್ಕು ಚಕ್ರದ ಮೇಲೆ, ಸಮನೆಲದಲ್ಲಿ ನಿಂತಿರಬೇಕು. ಎಂಜಿನ್, ಸೀಟು, ಡೋರಿನ ಗ್ಲಾಸು ಎಲ್ಲ ಒಳಗಿರಬೇಕು. ಈ ಎರಡೂ ಗಾಡಿಗಳಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ಭಾರವನ್ನೆಲ್ಲ ಬಾಡಿಯೇ ಹೊರುತ್ತದೆ. ಜಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹೊಂದಿಸಿದ ಸಂದು ನೆಲಕ್ಕಿಳಿಸಿದ ಕೂಡಲೇ ಬದಲಾಗುತ್ತದೆ. ಡೋರು ಕೂರುವ ಬಾಯಿಯ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆದು, ಆಚೆ ಬದಿಯ ಅಳತೆ ಜೊತೆ ಹೋಲಿಸಿ. ನಾಲ್ಕೈದು ಮಿ.ಮೀ. ವ್ಯತ್ಯಾಸ ಕಂಡರೆ ತಪ್ಪು ಡೋರಿನದಲ್ಲ. ಡೋರಿನಡಿಯ ಹೊಸ್ತಿಲ ಪಟ್ಟಿ, ಅಂದರೆ ಸಿಲ್, ತುಕ್ಕು ತಿಂದು ಬಾಗಿದೆ, ಇಲ್ಲವೇ ಸಿಲ್ ಬದಲಿಸುವಾಗ ಬಾಯಿಗೆ ಅಡ್ಡಪಟ್ಟಿ ಕೊಡದೆ ಕತ್ತರಿಸಿದ್ದಾರೆ. ಆಗ ಅಂಚಿಗೆ ಏನು ತುಂಬಿಸಿದರೂ ದುಡ್ಡು ದಂಡ.

ಆಮೇಲೆ ಹಿಂಜ್. ಡೋರನ್ನು ಅರ್ಧ ತೆರೆದು, ತುದಿಗೆ ಕೈಕೊಟ್ಟು ಮೇಲಕ್ಕೆ ಎತ್ತಿ ನೋಡಿ. ಕಟಕಟ ಅಂತ ಅಲುಗಿದರೆ ಪಿನ್ನು ಸವೆದಿದೆ ಎಂದರ್ಥ. ತೂತನ್ನು ರೀಮ್ ಮಾಡಿ (ಕೊರೆದು ಸಮಮಾಡಿ), ಲೇತ್‌ನಲ್ಲಿ ಸ್ವಲ್ಪ ದಪ್ಪ ಪಿನ್ನು ಮಾಡಿಸಿ ಹಾಕುವವರೆಗೆ ಮುಂದಿನ ಅಳತೆ ಯಾವುದೂ ನಿಲ್ಲುವುದಿಲ್ಲ. ಪಿನ್ನು ಗಟ್ಟಿಯಾದ ಮೇಲೂ ಡೋರಿನ ತುದಿ ಇಳಿದಿದ್ದರೆ, ಹಿಂಜ್ ಬೋಲ್ಟಿನದಾಗಿದ್ದಲ್ಲಿ ಕೆಳಗಿನ ಹಿಂಜಿನ ಹಿಂದೆ ಶಿಮ್, ಅಂದರೆ ತೆಳು ತಗಡಿನ ಚೂರು, ಕೊಡಿ. ಎರಡು ಹಿಂಜ್‌ಗಳ ನಡುವೆ 450 ಮಿ.ಮೀ., ಡೋರಿನ ಉದ್ದ 900 ಮಿ.ಮೀ. ಅಂತಿಟ್ಟುಕೊಂಡರೆ, 1 ಮಿ.ಮೀ. ಶಿಮ್ ತುದಿಯನ್ನು 2 ಮಿ.ಮೀ. ಮೇಲೆತ್ತುತ್ತದೆ. ಖರ್ಚು ಒಂದು ತಗಡಿನ ಚೂರಿನದು. ಅರ್ಧಕ್ಕರ್ಧ ಗಾಡಿಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಹೊಂದಿಸುವ ಕ್ರಮ ಹಿಂದಿನಿಂದ ಮುಂದಕ್ಕೆ: ಹಿಂದಿನ ಚಕ್ರದ ಮೇಲಿನ, ಅಲುಗಿಸಲಾಗದ ಕ್ವಾರ್ಟರ್ ಪ್ಯಾನಲ್‌ಗೆ ಹಿಂದಿನ ಡೋರು, ಅದಕ್ಕೆ ಮುಂದಿನ ಡೋರು, ಅದಕ್ಕೆ ಫೆಂಡರ್, ಕೊನೆಗೆ ಬಾನೆಟ್. ಅಳತೆಗೆ ಡ್ರಿಲ್ ಬಿಟ್ಟಿನ ಹಿಡಿಭಾಗವೇ ಸಾಕು. 4, 4.5, 5 ಮಿ.ಮೀ. ಬಿಟ್ಟುಗಳನ್ನು ಸಂದಿನುದ್ದಕ್ಕೂ ಜಾರಿಸಿ, ಎಲ್ಲಿ ಸಿಕ್ಕಿಕೊಂಡಿತು, ಎಲ್ಲಿ ಸಡಿಲವಾಯಿತು ಅಂತ ಮಾರ್ಕರ್‌ನಲ್ಲಿ ಬರೆಯುತ್ತಾ ಹೋಗಿ. ಹಳೆಯ ಗಾಡಿಗೆ 5 ಮಿ.ಮೀ. ಸಂದು ದೊಡ್ಡದೇನಲ್ಲ. ಮೇಲಿಂದ ಕೆಳಗೆ ಒಂದೇ ಸಮ ಇದ್ದರೆ ಕಣ್ಣಿಗೆ ಸಾಕು.

ಪುಟ್ಟಿ. ನೂರು ಗ್ರಾಂಗೆ ಎರಡು ಗ್ರಾಂ ಹಾರ್ಡನರ್ ಕಲಸಿ, ಡೋರಿನ ನಡುಭಾಗದ ತಗ್ಗಿಗೆ 2 ಮಿ.ಮೀ. ದಪ್ಪದವರೆಗೆ ಹಾಕಿದರೆ ಅದರಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ. ಅಂಚು ಮಾತ್ರ ಅದರ ಜಾಗವಲ್ಲ. ಡೋರು ಬಡಿದಾಗಲೆಲ್ಲ ತಗಡು ಕಂಪಿಸುತ್ತದೆ, ಗಡುಸಾದ ಪುಟ್ಟಿ ಅದರ ಜೊತೆ ಬಾಗುವುದಿಲ್ಲ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಒಳಗಿಳಿಯುತ್ತದೆ, ಪುಟ್ಟಿ ಆ ನೀರನ್ನು ಹಿಡಿದಿಟ್ಟುಕೊಂಡು ಅಡಿಯಿಂದಲೇ ತುಕ್ಕು ಎಬ್ಬಿಸುತ್ತದೆ. ಫೈಬರ್ ಬೆರೆಸಿದ ಪುಟ್ಟಿ ಸ್ವಲ್ಪ ಹೆಚ್ಚು ಕಾಲ ಬಾಳುತ್ತದೆ, ಅಷ್ಟೇ.

ಸೀಸಕ್ಕೆ ನನ್ನಲ್ಲಿ ನಿಜವಾದ ಗೌರವವಿದೆ. 30 ಪಾಲು ತವರ, 70 ಪಾಲು ಸೀಸದ ಕಡ್ಡಿ 183ರಿಂದ ಸುಮಾರು 255 ಡಿಗ್ರಿ ಸೆಲ್ಸಿಯಸ್ ನಡುವೆ ಬೆಣ್ಣೆಯ ಹದದಲ್ಲಿರುತ್ತದೆ. ಎಣ್ಣೆ ಸವರಿದ ಮರದ ಪಟ್ಟಿಯಲ್ಲಿ ತಳ್ಳಿದತ್ತ ಹೋಗುತ್ತದೆ. ಈ ಬಿಸಿಗೆ ತಗಡು ಹೆಚ್ಚು ಸೊಟ್ಟಗಾಗುವುದಿಲ್ಲ, ವೆಲ್ಡಿಂಗ್ ಮುಂದೆ ಅದರ ದೊಡ್ಡ ಗೆಲುವು ಇದೇ. ತೊಡಕು ಎಂದರೆ ಫ್ಲಕ್ಸ್, ಸೀಸ ತಗಡಿಗೆ ಹಿಡಿಯಲೆಂದು ಮೊದಲು ಸವರುವ ರಾಸಾಯನಿಕ. ಅಡುಗೆ ಸೋಡದ ನೀರಿನಲ್ಲಿ ಉಜ್ಜಿ, ಮತ್ತೆ ಬರೀ ನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಕೆಲವು ತಿಂಗಳಲ್ಲೇ ಬಣ್ಣದಡಿ ಗುಳ್ಳೆ ಏಳುತ್ತದೆ. ಸೀಸಕ್ಕೆ ಗ್ರೈಂಡರ್ ಹಾಕಲೇಬೇಡಿ, ಅದರ ಧೂಳು ವಿಷ. ಮಾಸ್ಕ್ ಹಾಕಿಕೊಂಡು ಅರದಲ್ಲೇ ಇಳಿಸಬೇಕು, ಮಕ್ಕಳು ಓಡಾಡುವ ಜಾಗದಲ್ಲಿ ಅದೂ ಬೇಡ. ಮೇಲಾಗಿ ಇದು ಮೆತ್ತಗಿನ ಲೋಹ. ಪಾರ್ಕಿಂಗಿನಲ್ಲಿ ಡೋರಿನ ತುದಿ ಗೋಡೆಗೆ ಒಮ್ಮೆ ತಾಗಿದರೆ ಅಂಚು ಜಜ್ಜಿಹೋಗುತ್ತದೆ.

ಇನ್ನು ಕಂಬಿ. ಸಂದು 8 ಮಿ.ಮೀ. ಇದ್ದು 5ಕ್ಕೆ ತರಬೇಕಾದರೆ ಸುಮಾರು 3 ಮಿ.ಮೀ. ದಪ್ಪದ, ತಾಮ್ರ ಲೇಪಿಸಿದ ಗ್ಯಾಸ್ ವೆಲ್ಡಿಂಗ್ ಕಂಬಿ ಸಾಕು. ಬೆಸೆಯುವ ಕಡೆ ತಾಮ್ರದ ಲೇಪ, ಡೋರಿನ ಬಣ್ಣ, ತುಕ್ಕು ಎಲ್ಲ ಕೆರೆದು ಬಿಳಿ ಉಕ್ಕು ಕಾಣಿಸಿ. ಕಂಬಿಯನ್ನು ಡೋರಿನ ಅಂಚಿಗೆ ಒತ್ತಿ ಕಟ್ಟಿ, ಹಿಂದೆ ತಾಮ್ರದ ದಪ್ಪ ಪಟ್ಟಿ ಹಿಡಿದು, ಸಿಒಟು (CO₂ ಅನಿಲದ) ವೆಲ್ಡಿಂಗ್‌ನ 0.8 ಮಿ.ಮೀ. ವೈರಿನಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಸೆಯಬೇಕು. ಆಮೇಲೆ ಅರ ಹಾಕುತ್ತಾ ಬಿಟ್ಟಿನಲ್ಲಿ ಅಳೆಯುವುದು. ಕಂಬಿಗೂ ಡೋರಿಗೂ ನಡುವಿನ ನೀಲಿ ಸುಟ್ಟ ಗೆರೆ ಅರದಡಿ ಕರಗಿ ಎರಡೂ ಒಂದೇ ಉಕ್ಕಾಗಿ ಹೊಳೆಯುವುದನ್ನು ನೋಡಿದವರು ಮತ್ತೆ ಪುಟ್ಟಿ ಡಬ್ಬಿ ತೆಗೆಯುವುದಿಲ್ಲ.

ಇದರಲ್ಲಿ ತಲೆ ತಿನ್ನುವ ಸಂಗತಿ ಒಂದೇ: ಅಂಚು ಕುಗ್ಗುವುದು. ಬಿಸಿಯಾದ ಉಕ್ಕು ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣಗಿನ ತಗಡು ಬಿಡುವುದಿಲ್ಲ. ಹಾಗಾಗಿ ಅದು ಅಲ್ಲೇ ದಪ್ಪವಾಗಿ, ಆರುವಾಗ ಮೊದಲಿಗಿಂತ ಗಿಡ್ಡವಾಗುತ್ತದೆ. ಒಂದು ಚುಕ್ಕೆಗೆ ಇದು ಲೆಕ್ಕಕ್ಕಿಲ್ಲ. ಮೇಲಿಂದ ಕೆಳಗೆ ಮೂವತ್ತು ನಲವತ್ತು ಚುಕ್ಕೆ ಬಿದ್ದಾಗ ಇಡೀ ಅಂಚು ಬಿಗಿಯುತ್ತದೆ. ಸಂದು ಸರಿಯಾಗಿರುತ್ತದೆ, ಆದರೆ ಅಂಚಿನ ಒಳಮೈಯ ತಗಡಿಗೆ ಉದ್ದ ಹೆಚ್ಚಾಗಿ ಅಲೆ ಏಳುತ್ತದೆ. ಅಂಗೈಯಲ್ಲಿ ಒತ್ತಿದರೆ ಎಣ್ಣೆ ಡಬ್ಬದ ತಳದ ಹಾಗೆ ಡಬ್ ಡಬ್ ಅನ್ನುತ್ತದೆ.

ಬಿಸಿ ಹರಡಲು ಬಿಡದಿರುವುದೇ ಮೊದಲ ಉಪಾಯ. ಮೇಲೊಂದು, ಕೆಳಗೊಂದು, ನಡುವೆ ಒಂದು ಚುಕ್ಕೆ, ಆಮೇಲೆ ಅವುಗಳ ನಡುನಡುವೆ. ಚುಕ್ಕೆಗಳ ಅಂತರ 25 ಮಿ.ಮೀ.ಗೆ ಇಳಿಯುವವರೆಗೆ ಎಲ್ಲೂ ಸೇರಿಸಬೇಡಿ. ಪ್ರತಿ ಚುಕ್ಕೆ ಕೈ ಇಡುವಷ್ಟು ಆರಲಿ. ಬೇಗ ಆರಲೆಂದು ಒದ್ದೆ ಬಟ್ಟೆ ಒತ್ತುವ ಅಭ್ಯಾಸ ಹಲವರಿಗಿದೆ, ಅದರಿಂದ ಕುಗ್ಗುವುದು ಹೆಚ್ಚುತ್ತದೆ. ಎರಡನೆಯ ಉಪಾಯ ಸುತ್ತಿಗೆ. ಚುಕ್ಕೆಯ ಉಬ್ಬನ್ನು ತಗಡಿನ ಮಟ್ಟಕ್ಕೆ ಇಳಿಸಿ, ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ) ಹಿಡಿದು, ಚುಕ್ಕೆಯ ಮೇಲೆಯೇ ಹಗುರವಾಗಿ ಬಡಿದು ಲೋಹವನ್ನು ಮತ್ತೆ ಹಿಗ್ಗಿಸಬೇಕು. ನಾಲ್ಕೈದು ಏಟಿಗೊಮ್ಮೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಹೆಚ್ಚು ಬಡಿದರೆ ಅಂಚೇ ಅಲೆಯಾಗುತ್ತದೆ. ಸಿಒಟು ಬೆಸುಗೆ ಗಡುಸು, ಸುತ್ತಿಗೆಗೆ ಬೇಗ ಬಗ್ಗುವುದಿಲ್ಲ. ಆರ್ಗಾನ್ ವೆಲ್ಡಿಂಗ್ ಬಲ್ಲವರು ಸಿಕ್ಕರೆ ಅವರ ಕೈಯಲ್ಲೇ ಮಾಡಿಸಿ, ಆ ಬೆಸುಗೆ ಮೆತ್ತಗಿರುತ್ತದೆ.

ಡೋರಿನ ಅಂಚು ಮಡಿಸಿದ ತಗಡು. ಬೆಸುಗೆಯ ಬಿಸಿಗೆ ಮಡಿಕೆಯೊಳಗಿನ ಪ್ರೈಮರ್ ಸುಟ್ಟುಹೋಗುತ್ತದೆ. ಬಣ್ಣವೆಲ್ಲ ಆದಮೇಲೆ ಡೋರಿನ ಕೆಳಗಿನ ನೀರು ಹೋಗುವ ತೂತಿನಿಂದ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಹೊಡೆಸುವುದನ್ನು ಮರೆಯಬೇಡಿ. ಸಂದು ಚಿಕ್ಕದಾಗಿರುವ ಕಡೆಗೂ ಇದೇ ಎಚ್ಚರ: ಗ್ರೈಂಡರ್‌ನಲ್ಲಿ ತೆಗೆಯುತ್ತಾ ಹೋದರೆ ಮಡಿಕೆ ಬಾಯಿಬಿಡುತ್ತದೆ. ಹಾಗೆ ಬಿಟ್ಟ ಕಡೆ ಬೆಸೆದು ಮುಚ್ಚಿ ಮತ್ತೆ ಅರ ಹಾಕಬೇಕು.

ಹೊತ್ತಿನ ಲೆಕ್ಕದಲ್ಲಿ ಒಂದು ಡೋರಿಗೆ ಪುಟ್ಟಿ ಅರ್ಧ ದಿನ, ಸೀಸ ಒಂದು ದಿನ, ಕಂಬಿ ಎರಡು ದಿನ. ಸಾಮಾನಿನ ಖರ್ಚು ಕಂಬಿಗೇ ಕಡಿಮೆ, ಹೋಗುವುದೆಲ್ಲ ಕೂಲಿ. ವಾರಕ್ಕೆರಡು ಸಲ ಓಡುವ, ಮಳೆಯಲ್ಲೂ ಹೊರಬೀಳುವ ಗಾಡಿಗೆ ಆ ಕೂಲಿ ಕೊಡಲು ನನಗೆ ಬೇಸರವಿಲ್ಲ. ದುಡ್ಡು ಸಾಲದಿದ್ದರೆ ಕಣ್ಣಿಗೆ ಹೊಡೆಯುವ ಮುಂದಿನ ಎರಡು ಡೋರುಗಳನ್ನಷ್ಟೇ ಮಾಡಿಸುತ್ತೇನೆ, ಹಿಂದಿನವು ಮುಂದಿನ ವರ್ಷಕ್ಕಿರಲಿ. ಷೆಡ್ಡಿನಲ್ಲೇ ನಿಲ್ಲುವ, ಪ್ರದರ್ಶನಕ್ಕೆ ಮಾತ್ರ ಹೋಗುವ ಗಾಡಿಯಾದರೆ ಮತ್ತು ಕೆಲಸ ಬಲ್ಲ ಕೈ ಸಿಕ್ಕರೆ ಸೀಸ ಹಾಕಿಸಬಹುದು.

ಯಾವ ದಾರಿ ಹಿಡಿದರೂ ಬರೀ ತಗಡಿನಲ್ಲಿ ಸಂದು ಅರ್ಧ ಮಿ.ಮೀ. ಹೆಚ್ಚೇ ಇರಲಿ, ಎರಡೂ ಅಂಚಿನ ಪ್ರೈಮರ್ ಮತ್ತು ಬಣ್ಣ ಅಷ್ಟನ್ನು ತಿನ್ನುತ್ತದೆ. ಹೊಸ ರಬ್ಬರ್ ಬೀಡಿಂಗನ್ನು ಪ್ರೈಮರ್‌ಗೆ ಮೊದಲೇ ಒಮ್ಮೆ ಹಾಕಿ, ಡೋರು ಮುಚ್ಚಿ ನೋಡಿ. ದಪ್ಪ ರಬ್ಬರ್ ಡೋರನ್ನು ಕೆಳಗೆ 3 ಮಿ.ಮೀ. ಹೊರಗೆ ತಳ್ಳಿದರೆ ಅದು ಆಗಲೇ ಗೊತ್ತಾಗಬೇಕು, ಬಣ್ಣ ಆದಮೇಲಲ್ಲ.